ಅಕ್ಕನ ಹಾಲಿಗೆ ಡೈರಿಯ ಅಳತೆ

ನಾನು ಚಿಕ್ಕವನಿದ್ದಾಗ, ನಾಲ್ಕನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ನಾಲ್ಕು ಜನರನ್ನು ನಗಿಸಲು ಹೋಗಿ ಒಂದು ಕೂಸಿನ ಬಾಯಿಂದ ತಾಯಿಯ ಹಾಲು ತಪ್ಪಿಸಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲುವುದಿಲ್ಲ. 'ಚಿಕ್ಕವನಿದ್ದಾಗ' ಎಂದು ಶುರುಮಾಡಬೇಕಾದರೆ ತಲೆ ನರೆತಿರಬೇಕು, ನಡುನಡುವೆ ಕೆಮ್ಮಬೇಕು ಎನ್ನುತ್ತೀರಿ. ಕೆಮ್ಮು ಬೇಕಾದರೆ ತಾತನದನ್ನೇ ಕೆಮ್ಮಿ ತೋರಿಸುತ್ತೇನೆ, ಅದು ನನಗೆ ಚೆನ್ನಾಗಿ ಬರುತ್ತದೆ. ನರೆಗೂದಲು ಸದ್ಯಕ್ಕಿಲ್ಲ. ನಿಮ್ಮ ಸೋದರಮಾವ ಎಂಬ ಒಂದೇ ಅರ್ಹತೆಯ ಮೇಲೆ ತಾತ ಕಥೆ ಹೇಳುವ ಜಗುಲಿಯಲ್ಲಿ ಕೂತಿದ್ದೇನೆ, ಕೇಳಿ.

ನಮ್ಮೂರು ಪಾಲಹಳ್ಳಿಯ ಮಗ್ಗುಲಲ್ಲಿ. ಮನೆಯಲ್ಲಿ ಮೂರು ಸೀಮೆಹಸು. ಬೆಳಗ್ಗೆ ಸಂಜೆ ಅಪ್ಪನ ಹಿಂದೆ ಕ್ಯಾನು ಹಿಡಿದು ಡೈರಿಗೆ ಹೋಗುವುದು ನನ್ನ ಕೆಲಸ. ಅಲ್ಲಿಯ ಸೆಕ್ರೆಟರಿ ಮೂಗಿನಲ್ಲಿ ಮಾತಾಡುತ್ತಿದ್ದರು. ಅಳತೆ ನೋಡಿ ಒಂದು ಕೂಗು, ಫ್ಯಾಟ್ ನೋಡಿ ಇನ್ನೊಂದು ಕೂಗು. ಹಾಲು ತೆಳ್ಳಗಿದ್ದರೆ 'ವಾಪಸ್!' ಎಂದು ಕ್ಯಾನನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ಅವರ ಮೂಗು ನನಗೆ ಒಲಿದ ಮೇಲೆ, ಅಲ್ಲಿಯವರೆಗೆ ನಕಲು ಮಾಡುತ್ತಿದ್ದ ಕೆ.ಆರ್.ಎಸ್. ಬಸ್ಸಿನ ಕಂಡಕ್ಟರನ್ನು ಕೈಬಿಟ್ಟೆ.

ನಾಗಮಂಗಲಕ್ಕೆ ಕೊಟ್ಟಿದ್ದ ಅಕ್ಕ ಆಗ ಬಾಣಂತನಕ್ಕೆ ಬಂದಿದ್ದಳು. ಮನೆಯ ವಾಸನೆಯೇ ಬೇರೆಯಾಗಿತ್ತು. ಅಡುಗೆಮನೆಯಲ್ಲಿ ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಸಾರು. ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಎಣ್ಣೆ ಹಚ್ಚಿದ ಕೂಸಿನ ಬೆಚ್ಚನೆಯ ತಲೆ. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು, ಗೋಡೆಗೆ ಒರಗಿ ಹಾಲೂಡಿಸುತ್ತಿದ್ದಳು. ಕೂಸು ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿಯುವ ಸದ್ದೊಂದು ಮಾತ್ರ ಎಷ್ಟು ಪ್ರಯತ್ನಪಟ್ಟರೂ ನನ್ನ ಬಾಯಿಗೆ ಬರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಚಿಕ್ಕವ್ವ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಕೂಸು ನೋಡಲು ಬಂದರು. ಕೂರುವ ಮೊದಲೇ, "ಏನವ್ವ, ಹಾಲು ಸಾಕಾಯ್ತದಾ ಕೂಸ್ಗೆ? ಸಣ್ಣುಕ್ಕೆ ಕಾಣ್ತದಲ್ಲ?" ಎಂದರು. ಅಕ್ಕ ಉತ್ತರ ಹುಡುಕುವಷ್ಟರಲ್ಲಿ ನಾನು ಬಾಗಿಲಲ್ಲಿ ನಿಂತು ಮೂಗು ಹಿಡಿದೆ.

"ನಾಗಮಂಗಲದ್ದು... ಕಾಲ್ ಲೀಟ್ರು! ಫ್ಯಾಟಿಲ್ಲ, ಬರೀ ನೀರು! ವಾಪಸ್!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನಿನ್ ಬಾಯ್ಗೆ ಮಣ್ಣಾಕ! ಅಂಗೇ ಸೆಕ್ರೆಟ್ರೀನೇ ಕಣ್ಲಾ!" ಎಂದರು ಚಿಕ್ಕವ್ವ. ಅವ್ವನಂತೂ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಕ್ಕನೂ ನಕ್ಕಳು. ನಗುತ್ತಲೇ ಸೆರಗೆಳೆದು ಎದೆ ಮುಚ್ಚಿಕೊಂಡಳು. ಕೂಸು ಅತ್ತರೂ ಅವರು ಎದ್ದು ಹೋಗುವವರೆಗೆ ಆ ಸೆರಗು ಸರಿಯಲಿಲ್ಲ. ನಾನು ನೋಡಿದೆ. ನಗಿಸಿದ ಅಮಲಿನಲ್ಲಿ ನೋಡಿಯೂ ನೋಡಲಿಲ್ಲ.

ಮಾರನೆಯ ದಿನ ಅಕ್ಕ ಬೆನ್ನು ತಿರುಗಿಸಿ ಕೂತು ಲೋಟದೊಳಕ್ಕೆ ಹಾಲು ಹಿಂಡುತ್ತಿದ್ದುದನ್ನು ಕಂಡೆ. ಲೋಟ ವಾಲಿಸಿ ನೋಡಿದಳು, ತಳವೂ ಮುಚ್ಚಿರಲಿಲ್ಲ. "ನಂಗೆ ಹಾಲಿಲ್ಲ ಕಣವ್ವ," ಎಂದು ಅವ್ವನ ಮುಂದೆ ಅತ್ತಳು. ಸಂಜೆಗೆ ಅಪ್ಪ ಶ್ರೀರಂಗಪಟ್ಟಣದಿಂದ ಹಾಲಿನ ಪುಡಿಯ ಡಬ್ಬ, ಒಂದು ಬಾಟಲಿ ತಂದ. ಬಾಟಲಿಯಿಂದ ಹಾಲು ತಾನಾಗಿಯೇ ಸುರಿಯುತ್ತಿತ್ತು, ಕೂಸು ಕಷ್ಟಪಡದೆ ಕುಡಿದು ಮಲಗಿತು. ನಾಲ್ಕಾರು ದಿನ ಕಳೆಯುವುದರಲ್ಲಿ, ಅಕ್ಕ ಎದೆಗೆ ಹಾಕಿಕೊಂಡರೆ ಮುಖ ತಿರುಗಿಸಿ ಕಿರುಚತೊಡಗಿತು. ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತಿದ್ದ ಅವಳ ಎದೆ ಬರಬರುತ್ತ ಮೆತ್ತಗಾಯಿತು. ಅಕ್ಕ ಊಟ ಬಿಟ್ಟಳು, ಮಾತು ಬಿಟ್ಟಳು. ಮನೆಯವರು ಕೆಟ್ಟ ದೃಷ್ಟಿಯನ್ನು ಬೈದರು, ಬಿಸಿಲನ್ನು ಬೈದರು. ನನ್ನನ್ನು ಯಾರೂ ಬೈಯಲಿಲ್ಲ. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಅವ್ವನಿಗೆ ಎಲ್ಲ ಹೇಳಿದೆ. ನನ್ನ ಸ್ವಂತ ದನಿಯಲ್ಲೇ ಹೇಳಿದೆ. ಅದು ಎಷ್ಟು ಸಣ್ಣ ದನಿ ಎಂಬುದು ಆಗ ಗೊತ್ತಾಯಿತು. ಏಟು ಬೀಳುತ್ತದೆಂದು ಬೆನ್ನು ಸಿದ್ಧಮಾಡಿಕೊಂಡಿದ್ದೆ. ಅವ್ವ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು.

"ನೀನೇನೋ ಬೊಗಳ್ದೆ. ಹೆತ್ತೋಳು ನಾನು, ನಕ್ಬುಟ್ನಲ್ಲಾ ಲೇ!"

ಮರುದಿನವೇ ಆಸ್ಪತ್ರೆಗೆ ಹೋದೆವು. ಅಲ್ಲಿಯ ಸಿಸ್ಟರ್ ಕೂಸನ್ನು ತೂಗಿದರು, ಬಾಟಲಿ ಕೊಡುವ ಮೊದಲು ಕೂಸು ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ದು ಬಟ್ಟೆ ಒದ್ದೆ ಮಾಡುತ್ತಿತ್ತು ಎಂದು ವಿಚಾರಿಸಿದರು. ಆಗ ಹಾಲು ಕಮ್ಮಿಯಾಗಿರಲೇ ಇಲ್ಲ ಎಂದರು. "ಹಿಂಡಿ ನೋಡಿದ್ರೆ ಲೆಕ್ಕ ಸಿಗಲ್ಲಮ್ಮ. ಕೂಸು ಚೀಪಿದಷ್ಟೂ ಹಾಲು ಊರ್ತದೆ. ಬಾಟ್ಲಿ ಕೊಟ್ಟಷ್ಟೂ ಕಮ್ಮಿ ಆಯ್ತದೆ. ಹಾಲಿಲ್ಲ ಅಂತ ಯಾರು ನಿಂಗೆ ಹೇಳಿದ್ದು?"

ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. "ನಂಗೇ ಅನ್ನಿಸ್ತು," ಎಂದಳು. ಬಾಟಲಿಯ ಚೀಲ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಊರಿನವರ ಮುಖವನ್ನೆಲ್ಲ ಹಾಕಿಕೊಳ್ಳಲು ಬಲ್ಲವನಿಗೆ ಇದ್ದ ಒಂದು ಸ್ವಂತ ಮುಖವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಬಾಟಲಿ ಒಂದೇ ದಿನಕ್ಕೆ ಹೋಗಲಿಲ್ಲ. ಸಿಸ್ಟರ್ ಹೇಳಿದಂತೆ ಮೊದಲು ಎದೆಹಾಲು, ಸಾಲದಿದ್ದರೆ ಬಾಟಲಿ. ಅದೂ ದಿನೇ ದಿನೇ ಸ್ವಲ್ಪ ಸ್ವಲ್ಪ ಕಡಿಮೆ. ಅಕ್ಕ ಕೂಸನ್ನು ಬರಿಮೈಗೆ ಅವುಚಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಬಾಣಂತಿಗೆ ಜಾಸ್ತಿ ನೀರು ಕೊಡಬಾರದೆಂದು ಗುಟುಕು ಲೆಕ್ಕದಲ್ಲಿ ಕೊಡುತ್ತಿದ್ದ ಅವ್ವ ಈಗ ತುಂಬಿದ ಚೊಂಬನ್ನೇ ಅವಳ ಪಕ್ಕದಲ್ಲಿಟ್ಟಳು. ಅದು ಬರಿದಾಗದಂತೆ ನೋಡಿಕೊಳ್ಳುವುದು, ಬಾಯಿ ಮುಚ್ಚಿಕೊಂಡಿರುವುದು ನನ್ನ ಕೆಲಸ. ಎರಡನೆಯದೇ ಕಷ್ಟವಾಗಿತ್ತು. ಒಂದು ಬೆಳಗ್ಗೆ ಚೊಂಬು ಇಡಲು ಹೋದಾಗ ಒಳಗಿಂದ ಗುಟುಕಿನ ಸದ್ದು ಕೇಳಿಸಿತು. ಹೊಸಿಲ ಮೇಲೇ ಕೂತು ಅತ್ತೆ.

ಆ ಕೂಸೇ ಈಗ ಪಿಯುಸಿ ಓದುವ, ನಿಮ್ಮ ಕಿವಿ ಹಿಂಡುವ ದೊಡ್ಡಕ್ಕ. ನೀವು ಇವತ್ತು ಯಾರನ್ನಾದರೂ ಅಣಕಿಸಿ ಮೊಬೈಲಿಗೆ ಹಾಕಿದರೆ ಸಂಜೆಗೆ ಮೈಸೂರಿನವರೂ ನಗುತ್ತಾರೆ. ನನ್ನದು ನಡುಮನೆಯ ಬಾಗಿಲು ದಾಟಿರಲಿಲ್ಲ, ಅಷ್ಟಕ್ಕೇ ಅಷ್ಟಾಯಿತು. ನಿಮ್ಮ ಕಾಲಕ್ಕೆ ಬಸ್ ಸ್ಟ್ಯಾಂಡಿನಲ್ಲೂ ಹಾಲೂಡಿಸಲು ಕೋಣೆ ಬಂದಿದೆ, ಫೋನಿನಲ್ಲಿ ಡಾಕ್ಟರ ಮುಖವೇ ಕಾಣುತ್ತದೆ. ಬಾಣಂತಿಯ ಕೋಣೆಗೆ ಬಂದವರು ಕೇಳುವ ಪ್ರಶ್ನೆ ಮಾತ್ರ ಆಗಿನದೇ.

ಆ ಬಾಣಂತನ ಮುಗಿಸಿ ಅಕ್ಕ ನಾಗಮಂಗಲಕ್ಕೆ ಹೊರಡುವ ಮುನ್ನ ಚಿಕ್ಕವ್ವ ಮತ್ತೆ ಬಂದಿದ್ದರು. "ಈಗ್ಲಾದ್ರೂ ಹಾಲು ಸಾಕಾಯ್ತದೇನವ್ವ?" ಎಂದು ಅಕ್ಕನನ್ನು ಕೇಳಿ, ನನ್ನ ಕಡೆ ತಿರುಗಿ, "ಲೇ, ಅವತ್ತು ಅದೇನೋ ಕೂಗ್ದಲ್ಲ, ಇನ್ನೊಂದ್ಸಲ ಕೂಗ್ಲಾ," ಎಂದರು. ನಾನು ನೀರಿನ ಚೊಂಬನ್ನು ಅಕ್ಕನ ಪಕ್ಕಕ್ಕೆ ಸರಿಸಿದೆ. ಅಕ್ಕ ಸೆರಗು ಎಳೆದುಕೊಳ್ಳಲಿಲ್ಲ, ಕೂಸನ್ನು ಎದೆಯಿಂದ ಬಿಡಿಸಲೂ ಇಲ್ಲ.

"ಕೂಸು ನೋಡಕ್ ಬಂದೋರು ಕೂಸು ನೋಡಿ ಚಿಕ್ಕವ್ವ. ನನ್ನೇನ್ ನೋಡ್ತೀರಿ?"