ಕಡ್ಡಿಪೆಟ್ಟಿಗೆಯ ಜೇನುಹುಳ

ಬಳ್ಳಾರಿಯ ಆಸ್ಪತ್ರೆಯಲ್ಲಿ ಕೀಮೋಗೆ ಕಾಯುತ್ತಾ ಕುಳಿತಿದ್ದೆ. ಪಕ್ಕದವರ ಜೇಬಿನಿಂದ ಗುಂಯ್‌ಗುಡುವ ಸದ್ದು! ಅವರು ರಾರಾವಿಯ ರೈತ. ಜೊತೆಗೆ ಬಂದಿದ್ದ ಹೆಂಡತಿಗೂ ನನ್ನಂತೆಯೇ ಸ್ತನ ಕ್ಯಾನ್ಸರ್. ಆದರೆ ಬಲಗೈ ಮೊಣಕೈವರೆಗೆ ಬಾತಿದ್ದುದು ಗಂಡನದು. ಏನಾಯಿತೆಂದು ಕೇಳಿದ್ದಕ್ಕೆ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದರು. ಒಳಗೆ ಜೀವಂತ ಜೇನುಹುಳಗಳು.

“ಜೇನಿನ ವಿಷ ಎದಿ ಗಡ್ಡಿಗೆ ಔಷಧ ಅಂತ ಮೊಬೈಲ್‌ನ್ಯಾಗ ತೋರ್ಸಿದ್ರು ಅಕ್ಕಾರ. ಆಕಿಗಿ ಕಡಿಸೋದ್ಕಿಂತ ಮೊದ್ಲ ಎಷ್ಟು ಉರಿತೈತೋ ನೋಡಾಣಂತ ನಾನಾ ಕಡಿಸ್ಕೊಂಡೆ” ಎಂದರು.

ನನಗೆ ರೇಗಿತು. ಗಂಡ ಹೆಂಡತಿ ಇಬ್ಬರನ್ನೂ ಸೀದಾ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಬೈಯಲಿಲ್ಲ. ಸಂಶೋಧನೆ ನಡೆದಿರುವುದು ನಿಜ, ಆದರೆ ಅದಿನ್ನೂ ಪ್ರಯೋಗಾಲಯ ದಾಟಿಲ್ಲ, ಹೀಗೆ ಕಡಿಸಿಕೊಂಡರೆ ಜೀವಕ್ಕೇ ಅಪಾಯ ಎಂದು ತಿಳಿಹೇಳಿ, ಬಾತ ಕೈಗೆ ಮಾತ್ರೆ ಬರೆದುಕೊಟ್ಟರು.

ಹೆಂಡತಿ ಪೆಟ್ಟಿಗೆ ಕಸಿದುಕೊಂಡು ಕಿಟಕಿಯಾಚೆ ಹುಳಗಳನ್ನು ಹಾರಿಬಿಟ್ಟರು. “ನಿಮಗ ಏನರ ಆಗಿದ್ರ ನನ್ನ ಇಲ್ಲಿಗಿ ಯಾರು ಕರ್ಕಂಡ್ ಬರ್ತಿದ್ರು?” ಎಂದು ಗದರಿದರು. ಆಮೇಲೆ ತಮಗೆ ಕೀಮೋ ಸೂಜಿ ಚುಚ್ಚುವಾಗ ಆ ಬಾತ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಗಂಡ ಹಲ್ಲು ಕಚ್ಚಿದರೇ ಹೊರತು ಕೈ ಬಿಡಿಸಿಕೊಳ್ಳಲಿಲ್ಲ.

ಜೇನಿನ ವಿಷದಿಂದ ಎಂದಾದರೂ ಔಷಧ ಬಂದರೂ ಬಂದೀತು. ಬಂದ ದಿನ ನನ್ನ ಕಣ್ಣಮುಂದೆ ಮೊದಲು ನಿಲ್ಲುವುದು ಆ ಬಾತ ಕೈ.