ಸೆವಿಲ್‌ನಲ್ಲಿ ಕೂರುವ ಜಾಗಗಳು

ಫ್ರೀಮಾಂಟಿನ ಜಬ್ಬಾರ್ ಸಾಹೇಬರಿಗೆ ಯಾರಿಗಾದರೂ ಏನನ್ನಾದರೂ ತೋರಿಸದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ ಮೂವತ್ತು ವರ್ಷ ಗೈಡಾಗಿದ್ದ ಬಾಯಿ ಅದು. ಮಗ ಯಾಸಿರ್ ಅಮೆರಿಕೆಗೆ ಕರೆಸಿಕೊಂಡ ಮಾತ್ರಕ್ಕೆ ಸುಮ್ಮನಾಗುತ್ತದೆಯೇ? ಊರಿನಿಂದ ಹೊಸದಾಗಿ ಬಂದ ಯಾರದೋ ಅಪ್ಪ ಅಮ್ಮ ಬಾರ್ಟ್ ಎಂಬ ಲೋಕಲ್ ರೈಲಿನ ಸ್ಟೇಷನ್ನಿನ ಗೇಟು ದಾಟಲಾರದೆ ನಿಂತಿದ್ದರೆ ಇವರು ಅಲ್ಲಿ ಪ್ರತ್ಯಕ್ಷ. ಕಾರ್ಡು ಎಲ್ಲಿ ಒತ್ತಬೇಕೆಂದು ತೋರಿಸಿ ಬಿಡುವ ಪೈಕಿಯೂ ಅಲ್ಲ. ರೈಲು ಕೊಲ್ಲಿಯ ಅಡಿಯಲ್ಲಿ ಹೇಗೆ ಹೋಗುತ್ತದೆ ಎಂಬುದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಅವರು ಹತ್ತಬೇಕಾದ ರೈಲು ಹೋಗಿಯೇ ಬಿಟ್ಟಿರುತ್ತದೆ. ಹೇಳುವಾಗ ಕೇಳುವವರ ಕಡೆ ಮುಖ ಮಾಡಿ ಹಿಮ್ಮುಖವಾಗಿ ನಡೆಯುವುದು ಗೈಡುಗಳ ಚಾಳಿ. ಇಂಡಿಯನ್ ಗ್ರೋಸರಿಯಲ್ಲಿ ಯಾರಿಗೋ ಸೋನಾ ಮಸೂರಿಯ ಚರಿತ್ರೆ ಹೇಳುತ್ತ ಹಾಗೆ ನಡೆದು, ಒಮ್ಮೆ ತೊಗರಿಬೇಳೆ ಚೀಲಗಳ ಮೇಲೆ ಕುಸಿದು ಬಿದ್ದದ್ದೂ ಉಂಟು.

ಇಂಥವರ ಮುಂದೆ ಯಾಸಿರ್, "ಏಪ್ರಿಲಲ್ಲಿ ಮಕ್ಕಳಿಗೆ ರಜಾ ಇದೆ ಅಬ್ಬಾ, ಎಲ್ರೂ ಸ್ಪೇನಿಗೆ ಹೋಗೋಣ, ಸೆವಿಲ್ ಅಂತ ಒಂದು ಸಿಟಿ, ತುಂಬಾ ಲೈವ್ಲಿ ಅಂತೆ" ಎಂದ. ಕೋತಿಗೆ ಹೆಂಡ ಕುಡಿಸಿದಂತಾಯಿತು. ಲೈಬ್ರರಿಯಿಂದ ಪುಸ್ತಕಗಳ ಹೊರೆಯೇ ಬಂತು. ವಾರ ಕಳೆಯುವುದರೊಳಗೆ ಜಬ್ಬಾರ್ ಸಾಹೇಬರು ಕಣ್ಣಿಂದ ಕಾಣದ ಊರಿಗೆ ಪಕ್ಕಾ ಗೈಡಾಗಿ ತಯಾರಾದರು.

ಆದರೆ ಅವರ ಹೆಂಡತಿ ರೋಷನ್ ಬೀ ಒಂದೇ ಮಾತಿಗೆ ಒಲ್ಲೆ ಎಂದಳು.

"ನೀವೆಲ್ಲಾ ಹೋಗಿ ಬರ್ರಿ. ನನ್ನ ಮೊಳಕಾಲಿಗೆ ಸ್ಪೇನೂ ಒಂದ, ಸಿಂದಗಿನೂ ಒಂದ. ನಾ ಮನ್ಯಾಗ ಇರ್ತೀನಿ."

ಆ ಮನೆಯ ಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಏಕೆಂದರೆ ರೋಷನ್ ಬೀ ಸಿಂದಗಿಯ ಕನ್ನಡ ಶಾಲೆಯಲ್ಲಿ ಕಲಿತವಳು ಮತ್ತು ಗೆಲ್ಲುವ ಭಾಷೆ ಯಾವುದೆಂದು ತಿಳಿದವಳು. ಭಾನುವಾರ ಟಿಕೆಟ್ಟು ಬುಕ್ ಮಾಡಬೇಕು, ಅಷ್ಟರೊಳಗೆ ಡಿಸೈಡ್ ಮಾಡಿ ಎಂದು ಹೇಳಿ ಯಾಸಿರ್ ಕೈತೊಳೆದುಕೊಂಡ.

ಅವಳನ್ನು ಬಿಟ್ಟು ಹೋಗುವುದು ಜಬ್ಬಾರ್ ಸಾಹೇಬರಿಂದ ಆಗದ ಮಾತು. ಅದಕ್ಕೊಂದು ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ರೋಷನ್ ಬೀ ಬುತ್ತಿ ಕಟ್ಟಿಕೊಂಡು ಗುಮ್ಮಟ ನೋಡಲು ಬಂದಿದ್ದಳು. ಅದೇ ಹೊತ್ತಿಗೆ ಒಂದು ಬಸ್ಸಿನ ತುಂಬ ಪ್ರವಾಸಿಗರು ಬಂದಿಳಿದರು. "ಈಗ ಬಂದೆ" ಎಂದು ಅವರ ಹಿಂದೆ ಹೋದ ಜಬ್ಬಾರ್ ಸಾಹೇಬರು ಸಂಜೆಗೆ ಬಂದರು. ಗೇಟಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚದೆ ಕೂತಿದ್ದ ಹೆಂಡತಿಗೆ "ನಾಳೆ ತೋರಸ್ತೀನಿ" ಎಂದರು. ಆ ನಾಳೆ ಬರಲಿಲ್ಲ. ಮಕ್ಕಳು ಬಂದರು, ಅತ್ತೆ ಹಾಸಿಗೆ ಹಿಡಿದರು, ಕೊನೆಗೆ ಮೊಳಕಾಲು ಕೈಕೊಟ್ಟಿತು. ಲೋಕಕ್ಕೆಲ್ಲ ಗೋಲಗುಮ್ಮಟ ತೋರಿಸಿದವನ ಹೆಂಡತಿ ಅದನ್ನು ನೋಡಿದ್ದು ಮನೆಯ ಮಾಳಿಗೆಯಿಂದ, ಸಂಡಿಗೆ ಒಣಹಾಕುವಾಗ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಈ ಒಂದು ಊರನ್ನಾದರೂ ಅವಳಿಗೆ ತೋರಿಸದಿದ್ದರೆ ತಾನೆಂಥ ಗೈಡು ಎಂದು ಆ ಮನುಷ್ಯ ಒಳಗೊಳಗೇ ಕುದಿಯುತ್ತಿದ್ದರು.

ಶುಕ್ರವಾರ ಊಟವಾದ ಮೇಲೆ ಡೈನಿಂಗ್ ಟೇಬಲ್ಲಿನ ಮೇಲೆ ಸೆವಿಲ್ ಎದ್ದು ನಿಂತಿತು. ಕುಕ್ಕರು ದೊಡ್ಡ ಚರ್ಚು. ಅದರ ಪಕ್ಕ ನೆಟ್ಟಗೆ ನಿಲ್ಲಿಸಿದ ಲಟ್ಟಣಿಗೆ ಹಿರಾಲ್ಡಾ ಎಂಬ ಗೋಪುರ. ರೋಷನ್ ಬೀಯ ಹಸಿರು ದುಪಟ್ಟಾ ಟೇಬಲ್ಲಿನುದ್ದಕ್ಕೂ ನದಿಯಾಗಿ ಹರಿಯಿತು. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಇದು ಮೊದಲ ಮಸೂತಿ ಮಿನಾರ ಇತ್ತು, ಆಮ್ಯಾಲ ಚರ್ಚಿನ ಗಂಟೆ ಕಟ್ಟಿದ್ರು. ಒಳಗ ಪಾವಟಿಗಿ ಇಲ್ಲ, ಇಳಿಜಾರು ಹಾದಿ! ಕುದುರಿ ಮ್ಯಾಲ ಕುಂತು ಹತ್ತತಿದ್ರಂತ. ನಿನ್ನ ಮೊಳಕಾಲಿಗೆ ಹೇಳಿ ಮಾಡಿಸಿದಂಗ ಐತಿ!"

"ಕುದುರಿ ಈಗೂ ಕೊಡ್ತಾರೇನು?"

"ಇಲ್ಲ. ನಡಕೊಂತ ಹೋಗೂದು."

"ನಡುವ ಎಲ್ಲಿ ಕುಂದ್ರೂದು?"

ಜಬ್ಬಾರ್ ಸಾಹೇಬರು ಲಟ್ಟಣಿಗೆ ಬಿಟ್ಟು ನದಿಯ ಕಡೆಗೆ ಹೊರಳಿದರು. ಅವಳು ಬಿಡಲಿಲ್ಲ.

"ನದಿ ದಂಡಿಮ್ಯಾಲ ಎಲ್ಲಿ ಕುಂದ್ರೂದು?"

ಯಾವ ಪುಸ್ತಕದಲ್ಲೂ ಅದನ್ನು ಅವರು ಹುಡುಕಿರಲಿಲ್ಲ. ಗೈಡು ಕೂರುವುದಿಲ್ಲ. ಬಂದವರು ಕೂತರೆ ಮಾತು ಕೆಡುತ್ತದೆಂದು ಮೂವತ್ತು ವರ್ಷ ಎಲ್ಲರನ್ನೂ ನಿಲ್ಲಿಸಿಯೇ ಇಟ್ಟಿದ್ದರು. ರೋಷನ್ ಬೀ ದುಪಟ್ಟಾ ಎಳೆದುಕೊಂಡು, ಸೊಪ್ಪಿನ ಬುಟ್ಟಿ ಹಿಡಿದು ಎದ್ದುಹೋದಳು.

ಮರುದಿನ ಎಲಿಜಬೆತ್ ಕೆರೆಯ ಸುತ್ತ ವಾಕಿಂಗಿಗೆ ಜೊತೆಯಾದವರು ಮೈಸೂರಿನ ಅನಂತಪದ್ಮನಾಭ. ಅವರು ಹೆಂಡತಿ ರಮಾ ಜೊತೆ ಸೆವಿಲ್ ನೋಡಿ ಬಂದವರು.

"ಅಯ್ಯೋ, ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕ್ಕೊಂಡು ಮಲಗುತ್ತೆ ಸಾರ್. ರಮಾ ಕರೆಕ್ಟಾಗಿ ಅದೇ ಟೈಮಿಗೆ ಶಾಪಿಂಗು ಅಂತ ಕ್ಯಾಲೆಂಡರ್ ಇನ್ವೈಟು ಕಳಿಸಿದ್ಲು. ಆರೂವರೆಗೆ ಡಿನ್ನರು ಅಂತ ಹೋದ್ರೆ ಹೋಟೆಲಲ್ಲಿ ಇನ್ನೂ ಚೇರು ಒರೆಸ್ತಾ ಇದ್ರು, ಅಲ್ಲಿ ರಾತ್ರಿ ಊಟ ಒಂಬತ್ತರ ಮೇಲೇನೇ."

"ಅದಿರ್ಲಿ, ನೀವು ಕುಂತದ್ದು ಎಲ್ಲೆಲ್ಲಿ?"

ಅನಂತಪದ್ಮನಾಭ ಬೆರಳು ಮಡಿಸಿ ಎಣಿಸಲು ಹೋದರು. "ಕೂತಿದ್ದು ಅಂದ್ರೆ... ವಾಪಸ್ ಬರೋ ಫ್ಲೈಟಲ್ಲಿ ಸಾರ್."

ಜಬ್ಬಾರ್ ಸಾಹೇಬರು ಸೀದಾ ಮನೆಗೆ ಬಂದು ಮಗನ ಕಂಪ್ಯೂಟರಿನ ಮುಂದೆ ಕೂತರು. ಯಾವ ಊರಿನ ಬೀದಿಯನ್ನಾದರೂ ಅದರಲ್ಲಿ ನಡೆದು ನೋಡಬಹುದು. ಇಡೀ ದಿನ ಸೆವಿಲ್‌ನ ಗಲ್ಲಿ ಗಲ್ಲಿ ಅಲೆದರು. ಕಟ್ಟಡ ಎಷ್ಟು ಎತ್ತರ, ಯಾರು ಕಟ್ಟಿಸಿದರು ಎಂಬುದೆಲ್ಲ ಬದಿಗಿರಲಿ. ನೆರಳು ಎಲ್ಲಿ ಬೀಳುತ್ತದೆ, ಬೆಂಚಿಗೆ ಬೆನ್ನಾಸರೆ ಇದೆಯೇ ಎಂದು ನೋಡಿದರು. ಜೀವಮಾನದಲ್ಲಿ ಅವರು ಒಂದು ಊರನ್ನು ಹೀಗೆ ನೋಡಿರಲಿಲ್ಲ, ಮತ್ತು ನೋಡುತ್ತ ನೋಡುತ್ತ ಅದು ಅವರಿಗೆ ಬಹಳ ಇಷ್ಟವಾಗಿಹೋಯಿತು.

ಭಾನುವಾರ ನಾಷ್ಟಾದ ಹೊತ್ತಿಗೆ ಹೆಂಡತಿಯ ಎದುರು ನಿಂತು ಶುರುಮಾಡಿದರು. ಈ ಸಲ ಕುಕ್ಕರಿಲ್ಲ, ಲಟ್ಟಣಿಗೆಯಿಲ್ಲ.

"ಮುಂಜಾನೆ ಹಿರಾಲ್ಡಾದ ಹತ್ರ ಒಂದು ಅಂಗಳ. ಕಿತ್ತಳಿ ಗಿಡದ ನೆಳ್ಳಾಗ ಬೆಂಚು ಅದಾವು. ಹಣ್ಣು ಮಾತ್ರ ಬಾಯಾಗ ಇಡಬ್ಯಾಡ, ಕಹಿ ಅಂತ. ಮಧ್ಯಾಹ್ನ ಊಟ ಮಾಡಿ ಊರೆಲ್ಲಾ ಮಲಗತೈತಿ, ನೀನೂ ಮಲಗು. ಇಳಿಹೊತ್ತಿಗೆ ಪ್ಲಾಜಾ ಅಂತ ಒಂದು ದೊಡ್ಡ ಚೌಕ. ಆ ದೇಶದ ಒಂದೊಂದು ಜಿಲ್ಲಾಕ್ಕ ಒಂದೊಂದು ಬಣ್ಣದ ಹೆಂಚಿನ ಕಟ್ಟಿ ಮಾಡ್ಯಾರ. ಒಂದರ ಮ್ಯಾಲ ಕುಂದರು, ದಣುವು ಆರಿತು ಅಂದ್ರ ಬಾಜೂದರ ಮ್ಯಾಲ ಕುಂದರು, ಕುಂತಕೊಂತನ ದೇಶ ಸುತ್ತಿ ಮುಗೀತೈತಿ. ರಾತ್ರಿ ಆದ್ರ ಮುದುಕೇರು ಮಕ್ಕಳು ಎಲ್ಲಾ ಓಣಿಗೆ ಖುರ್ಚಿ ಹಾಕ್ಕೊಂಡು ಕುಂತು ಚಪ್ಪಾಳಿ ತಟಗೋತ ಹಾಡ್ತಾರ."

ರೋಷನ್ ಬೀ ಚಹಾದ ಬಟ್ಟಲು ಕೆಳಗಿಟ್ಟಳು.

"ಮಿನಾರ ಹತ್ತೂದಿಲ್ಲೇನು?"

"ಹತ್ತಿದವರಿಗೆ ಊರೆಲ್ಲಾ ಕಾಣತೈತಿ, ಮಿನಾರ ಕಾಣಂಗಿಲ್ಲ. ಕೆಳಗ ಕುಂತವರಿಗೆ ಅದು ಕಾಣತೈತಿ."

ಅವಳ ಮುಖ ಸ್ವಲ್ಪ ಸಡಿಲಾಯಿತು. ಆದರೂ ಪೂರ್ತಿ ಸೋತಿರಲಿಲ್ಲ.

"ಎಲ್ಲಾ ಛಂದ ಹೇಳಿದ್ರಿ. ನಾ ಅಲ್ಲಿ ಕುಂತಾಗ ನೀವ್ ಎಲ್ಲಿರ್ತೀರಿ?"

ಅದನ್ನು ಮಾತ್ರ ಅವರು ಯೋಚಿಸಿರಲಿಲ್ಲ. ಅವಳನ್ನು ಒಂದೊಂದು ಬೆಂಚಿನಲ್ಲಿ ಕೂರಿಸಿ, ತಾವು ಮೊಮ್ಮಕ್ಕಳಿಗೆ ಊರು ತೋರಿಸುತ್ತ ಸುತ್ತುವುದೆಂದು ಅವರ ಲೆಕ್ಕ. ಅದು ಗುಮ್ಮಟದ ಬೇವಿನ ಮರದ ಕೆಳಗಿನದೇ ಲೆಕ್ಕವೆಂದು ಈಗ, ಹೆಂಡತಿಯ ಎದುರು ನಿಂತಾಗ, ಅವರಿಗೆ ಹೊಳೆಯಿತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.

"ನಿನ್ನ ಬಾಜೂಕ."

"ಏನೂ ಹೇಳದಂಗ?"

ಏನೂ ಹೇಳದೆ ಹೌದೆಂದು ತಲೆಯಾಡಿಸಿದರು. ರೋಷನ್ ಬೀ ಅವರ ಮುಖವನ್ನೇ ನೋಡಿದಳು, ನಂಬಿದಳು. ಆಮೇಲೆ ಒಳಕೋಣೆಗೆ ಕೇಳುವಂತೆ ಕೂಗಿ ಹೇಳಿದಳು:

"ಯಾಸಿರ್, ನಂದೂ ಟಿಕೇಟ್ ತಗಿ. ಅಬ್ಬಾಂದು ಸೀಟು ನನ್ನ ಬಾಜೂಕ ಇರ್ಲಿ, ಕಿಟಕಿ ನನಗ."