ಭಾನುವಾರ ಮಧ್ಯಾಹ್ನ ಬಂದ ಫೋನು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ತೀರಿಹೋದ ಅಜ್ಜಿ ಕನಸಿನಲ್ಲಿ ಬಂದು ಔಷಧಿ ಹೇಳಿದಳು ಎಂದರೆ ನನಗೆ ನಗು ಬರುತ್ತಿತ್ತು. ರಸಾಯನಶಾಸ್ತ್ರ ಓದಿದ್ದೇನೆಂಬ ಜಂಬವೂ ಸ್ವಲ್ಪ ಇತ್ತೆನ್ನಿ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹೈದರಾಬಾದಿನಲ್ಲಿ ಎಲ್ಲರ ಬಾಯಲ್ಲೂ ಸಾಫ್ಟ್‌ವೇರಿನ ಮಾತೇ ಇದ್ದ ಕಾಲ ಅದು. ನನ್ನ ಜೊತೆ ಓದಿದವರೆಲ್ಲ ಕಂಪ್ಯೂಟರ್ ಕೋರ್ಸು ಸೇರಿದ್ದರು. ನಾನು ಮಾತ್ರ ಬೇಗಂಪೇಟೆ ಕಡೆಯ ಒಂದು ಪ್ರಯೋಗಾಲಯ ಸೇರಿದೆ. ಅದು ಯಾವ ಒಂದು ವಿಭಾಗಕ್ಕೂ ಸೇರಿದ್ದಲ್ಲ, ಎಲ್ಲರದ್ದೂ. ಆಸ್ಪತ್ರೆಯ ಡಾಕ್ಟರರು ರಕ್ತ ತರುತ್ತಿದ್ದರು, ಪಶುವೈದ್ಯರು ಹಾಲು ತರುತ್ತಿದ್ದರು, ಕಾಲೇಜಿನವರು ಕೆರೆಯ ನೀರು ತರುತ್ತಿದ್ದರು. ಅದರಲ್ಲಿ ಯಾವ ವಿಷ ಸೇರಿದೆ, ಅದು ಜನರಿಗೆ ಏನು ಮಾಡುತ್ತಿದೆ ಎಂದು ನಾವು ನೋಡಿ ಹೇಳಬೇಕು.

ಇದನ್ನು ಕಟ್ಟಿದವರು ಅರುಣಾ ಮೇಡಂ. ಅವರಿಗಿಂತ ಮುಂಚೆ ಒಬ್ಬೊಬ್ಬರೂ ತಮ್ಮ ತಮ್ಮ ಯಂತ್ರಕ್ಕೆ ಬೀಗ ಹಾಕಿಕೊಂಡು ಕೂತಿದ್ದರಂತೆ. ಒಬ್ಬರ ಯಂತ್ರ ಧೂಳು ತಿನ್ನುತ್ತಿದ್ದರೆ ಪಕ್ಕದವರು ಅದೇ ಪರೀಕ್ಷೆಗಾಗಿ ಮುಂಬೈಗೆ ಸ್ಯಾಂಪಲ್ ಕಳಿಸುತ್ತಿದ್ದರು. ಮೇಡಂ ಅವರವರ ಕೋಣೆಗೆ ಹೋಗಿ, ಚಹಾ ಕುಡಿದು, ಜಗಳವಾಡಿ, ಕಡೆಗೆ ಎಲ್ಲ ಯಂತ್ರಗಳನ್ನೂ ಒಂದೇ ಸೂರಿನ ಕೆಳಗೆ ತಂದಿದ್ದರು. ದಪ್ಪ ಕನ್ನಡಕ, ಹತ್ತಿ ಸೀರೆ, ಎತ್ತರದ ದನಿ. ಅಪ್ಪಟ ತೆಲುಗಿನವರು. ನಮ್ಮೊಡನೆ ತೆಲುಗು, ಹಿಂದಿ, ಇಂಗ್ಲಿಷು ಕಲಸಿ ಮಾತಾಡುತ್ತಿದ್ದರು. ಕನ್ನಡದಲ್ಲಿ "ಊಟ ಆಯ್ತಾ" ಬಿಟ್ಟರೆ ಅವರಿಗೆ ಇನ್ನೇನೂ ಬಾರದು. ಅಷ್ಟು ಕೆಲಸ ಮಾಡಿಯೂ ತಮ್ಮ ಹೆಸರಿಗಾಗಿ ಆಸೆಪಡದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಆ ಬೇಸಿಗೆಯಲ್ಲಿ ಊರಾಚೆಯ ಒಂದು ಗಲ್ಲಿಯ ಮಕ್ಕಳು ಸಾಲಾಗಿ ಕಾಯಿಲೆ ಬಿದ್ದರು. ಬಾಯಲ್ಲಿ ಜೊಲ್ಲು, ಕೈಕಾಲು ನಡುಕ. ಗಲ್ಲಿಯ ತುದಿಯಲ್ಲಿ ಕೀಟನಾಶಕದ ಗೋದಾಮಿತ್ತು. ಗೋದಾಮಿನವನು ನೀರು ಕೆಟ್ಟಿದೆ ಎಂದು ವಾದಿಸಿ, ರಾತ್ರೋರಾತ್ರಿ ಸರಕು ಸಾಗಿಸಿ, ಗಲಾಟೆ ತಣ್ಣಗಾದ ಮೇಲೆ ಮತ್ತೆ ತೆರೆಯುವ ತಯಾರಿಯಲ್ಲಿದ್ದ. ಮಕ್ಕಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಇಕ್ಬಾಲ್ ಮೊದಲ ದಿನವೇ ಅವರ ರಕ್ತ ತೆಗೆದು ನಮಗೆ ತಂದುಕೊಟ್ಟಿದ್ದರು. ಮಕ್ಕಳು ಚೇತರಿಸಿಕೊಂಡಂತೆ ಆ ವಿಷದ ಗುರುತು ಮೈಯಿಂದ ಮಾಯವಾಗುತ್ತದೆ, ಮತ್ತೆ ರಕ್ತ ತೆಗೆದು ಪ್ರಯೋಜನವಿಲ್ಲ. ಪರೀಕ್ಷೆ ಮಾಡುವ ಯಂತ್ರ ಕೆಟ್ಟಿತ್ತು. ರಿಪೇರಿಯವರು ಬರುವವರೆಗೆ ಆ ಪುಟ್ಟ ಸೀಸೆಗಳು ಡೀಪ್ ಫ್ರೀಜರಿನಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿ ಇರಬೇಕು. ಕರಗಿದರೆ ಮುಗಿಯಿತು.

ಅದೇ ವಾರ ಮೇಡಂ ಪಿತ್ತಕೋಶದ ಆಪರೇಷನ್‌ಗೆಂದು ಆಸ್ಪತ್ರೆ ಸೇರಿದರು.

ನಾನು ಆಗ ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ಗಾರ್ಡ್ ಒಬ್ಬರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಅವರ ಹೆಂಡತಿ ನೀಲಮ್ಮ ನನ್ನ ಹಾಗೆಯೇ ರಾಯಚೂರು ಕಡೆಯವರು. ಭಾನುವಾರ ಊಟ ಮುಗಿಸಿ ಬಟ್ಟೆ ಒಣಹಾಕುತ್ತಿದ್ದೆ. ಕೆಳಗಿನಿಂದ ನೀಲಮ್ಮ ಕೂಗಿದರು. "ತಂಗೀ, ನಿನಗ ಫೋನ್ ಬಂದೈತಿ. ಯಾರೋ ಬಾಯಾರು, ಲಗೂನ ಕರೀರಿ ಅನ್ನಾಕತ್ತಾರ."

ಯಾವ ಹೆಂಗಸು ಎಂದುಕೊಳ್ಳುತ್ತ ಇಳಿದು ಹೋಗಿ ರಿಸೀವರ್ ಹಿಡಿದೆ. ಅರುಣಾ ಮೇಡಂ ದನಿ. ಸಂಶಯಕ್ಕೆ ಎಡೆಯೇ ಇಲ್ಲ. ಅದೇ ಎತ್ತರ, ಮಾತಿನ ನಡುವೆ ಅದೇ ಸಣ್ಣ ಕೆಮ್ಮು.

"ಏನವ್ವಾ, ಇನ್ನೂ ಮನ್ಯಾಗ ಕುಂತೀದಿಯೇನು? ಫ್ರೀಜರ್ ಹತ್ರ ಹೋಗು. ಕೂಸುಗಳು ಅದರಾಗ ಅದಾವ."

ಹ್ಞೂಂ ಮೇಡಂ ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ನನಗೆ ಆಗ ಏನೂ ವಿಚಿತ್ರ ಅನಿಸಲಿಲ್ಲ. ಒದ್ದೆ ಬಟ್ಟೆಗಳನ್ನು ಬಕೆಟ್ಟಿನಲ್ಲೇ ಬಿಟ್ಟು ಆಟೋ ಹಿಡಿದೆ.

ಪ್ರಯೋಗಾಲಯದ ಗೇಟಿನಲ್ಲಿ ಜನರೇಟರ್ ಸದ್ದು ಕೇಳುತ್ತಿತ್ತು, ವಾಚ್‌ಮನ್ ನಿಶ್ಚಿಂತೆಯಿಂದ ಇದ್ದ. ಒಳಗೆ ಹೋದರೆ ಫ್ರೀಜರಿನ ಕೋಣೆ ಕತ್ತಲು. ಹೊಸ ಕೇಬಲ್ ಹಾಕಲು ರಸ್ತೆ ಅಗೆಯುತ್ತಿದ್ದವರು ಕರೆಂಟಿನ ತಂತಿ ಕತ್ತರಿಸಿದ್ದರು, ಜನರೇಟರಿನಿಂದ ಆ ಕೋಣೆಗೆ ಬರಬೇಕಿದ್ದ ಲೈನೂ ಸುಟ್ಟುಹೋಗಿತ್ತು. ಫ್ರೀಜರಿನ ಬಾಗಿಲಂಚಿನ ಮಂಜು ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಡಾಕ್ಟರ್ ಇಕ್ಬಾಲ್‌ಗೆ ಫೋನ್ ಮಾಡಿದೆ. "ಮೈ ಬರಫ್ ಲೇಕೋ ಆತೂಂ. ದರ್ವಾಜಾ ನಕ್ಕೋ ಖೋಲೋ," ಎಂದರು. ಅವರು ಐಸ್ ತರುವ ತನಕ ಬಾಗಿಲು ತೆರೆಯಬಾರದು. ಪಶುವೈದ್ಯರಿಗೆ ಹೇಳಿದೆ, ತಮ್ಮ ಫ್ರೀಜರಿನಲ್ಲಿ ಎರಡು ಖಾನೆ ಖಾಲಿ ಮಾಡಿಸಿ ಜೀಪು ಕಳಿಸಿದರು. ಕೆರೆಯ ನೀರಿನ ಕಾಲೇಜಿನವರು ಥರ್ಮೋಕೋಲ್ ಪೆಟ್ಟಿಗೆ ಹೊತ್ತು ಸ್ಕೂಟರಿನಲ್ಲಿ ಬಂದರು. ಒಂದು ಕಾಲಕ್ಕೆ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಕಾಲಿಡದಿದ್ದ ಜನ. ಬೆವರು ಸುರಿಸುತ್ತ, ಒಬ್ಬರ ಕೈಯಿಂದ ಒಬ್ಬರಿಗೆ ಸೀಸೆ ದಾಟಿಸುತ್ತ ನಿಂತ ಅವರನ್ನು ನೋಡಿ, ಮೇಡಂ ಕಟ್ಟಿದ್ದು ಬರೀ ಯಂತ್ರಗಳ ಮನೆಯಲ್ಲ ಅನಿಸಿತು. ಸೀಸೆಗಳು ಇನ್ನೂ ಗಟ್ಟಿಯಾಗಿದ್ದವು. ಸ್ವಲ್ಪ ತಡವಾಗಿದ್ದರೂ ಉಳಿಯುತ್ತಿರಲಿಲ್ಲ.

ಯಂತ್ರ ರಿಪೇರಿಯಾದ ಮೇಲೆ ಆ ರಕ್ತದಲ್ಲಿ ಕೀಟನಾಶಕದ ಗುರುತು ಸ್ಪಷ್ಟವಾಗಿ ಸಿಕ್ಕಿತು. ಗೋದಾಮು ಮತ್ತೆ ತೆರೆಯಲಿಲ್ಲ.

ಆ ಭಾನುವಾರ ಸಂಜೆಯೇ, ಸೀಸೆಗಳನ್ನೆಲ್ಲ ಸಾಗಿಸಿದ ಮೇಲೆ, ಸುದ್ದಿ ಹೇಳೋಣವೆಂದು ಆಸ್ಪತ್ರೆಗೆ ಹೋದೆ. ಮೇಡಂ ಪತಿ ಕಾರಿಡಾರಿನಲ್ಲಿ ಕೂತಿದ್ದರು. ಸೋಮವಾರ ಇದ್ದ ಆಪರೇಷನ್ನನ್ನು ನೋವು ಜಾಸ್ತಿಯಾದ್ದರಿಂದ ಅಂದೇ ಮಾಡಿದ್ದರಂತೆ. ಮಧ್ಯಾಹ್ನವೆಲ್ಲ ಮೇಡಂ ಆಪರೇಷನ್ ಥಿಯೇಟರಿನಲ್ಲಿ ಎಚ್ಚರ ತಪ್ಪಿ ಮಲಗಿದ್ದರು. ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಹಾಗಾದರೆ ನನಗೆ ಫೋನ್ ಮಾಡಿದವರು ಯಾರೆಂದು ಕೇಳಿದಾಗ, ಇಲ್ಲಿಂದ ಯಾರೂ ಮಾಡಿಲ್ಲ ಎಂದರು ಅವರು. ಆಗಲೇ ನನಗೆ ಇನ್ನೊಂದು ಹೊಳೆದದ್ದು. ಫೋನಿನಲ್ಲಿ ಮಾತಾಡಿದ್ದು ಕನ್ನಡ, ಅದೂ ನಮ್ಮ ಕಡೆಯ ಕನ್ನಡ.

ಊಟ ಮಾಡಿ ಮಂಪರಿನಲ್ಲಿದ್ದೆ, ಏನೋ ಕೇಳಿಸಿಕೊಂಡೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಫೋನ್ ಎತ್ತಿದ್ದು ನೀಲಮ್ಮ. "ನಮ್ಮ ಕಡೀ ಬಾಯಾರಽ ಇರಬೇಕು ಅಂದ್ಕೊಂಡೆ ನೋಡು," ಎಂದರು ಅವರು. ಪರಿಚಯದವರಲ್ಲಿ ಕನ್ನಡ ಬಲ್ಲ ಹೆಂಗಸರನ್ನೆಲ್ಲ ಕೇಳಿದೆ. ಯಾರೂ ಮಾಡಿರಲಿಲ್ಲ. ಫ್ರೀಜರಿನ ಕೋಣೆಯಲ್ಲಿ ಕರೆಂಟು ಹೋದದ್ದೂ ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ.

ಮೇಡಂ ಮನೆಗೆ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಏನಾದರೂ ನೆನಪಿದೆಯೇ ಎಂದು ಕೇಳಿದರೆ, ಏನೂ ಇಲ್ಲ ಎಂದರು. ಫೋನಿನಲ್ಲಿ ಕೇಳಿದ ಮಾತನ್ನು ಹಾಗೆಯೇ ಹೇಳು ಎಂದರು. ಹೇಳಿದೆ. ಅರ್ಥ ಕೇಳಿದರು. ಅದನ್ನೂ ಹೇಳಿದೆ. ಆಮೇಲೆ ದಿಂಬಿಗೆ ಒರಗಿಕೊಂಡು, "ಅದರಾಗ ಅದಾವ" ಎನ್ನುವುದನ್ನು ತಾವೇ ಹೇಳಲು ನೋಡಿದರು. "ಅದರಗ... ಅದವು..." ನಾಲಿಗೆ ಹೊರಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಬರಲಿಲ್ಲ. ಫೋನಿನಲ್ಲಿ ಬಂದ ಆ ದನಿ ಮಾತ್ರ ಅವರದೇ. ಇವತ್ತಿಗೂ ಬೇಕಾದರೆ ಆಣೆ ಮಾಡಿ ಹೇಳುತ್ತೇನೆ.